ಮಾತಿಗೆ ಬಿಟ್ಟ ಜಾಗ

ಅಲ್ಲ, ಅವರ ಕೊರಳಲ್ಲಿ ಸ್ಟಾಪ್‌ವಾಚ್ ನೇತಾಡುತ್ತಿತ್ತು ಎಂದು ಇಷ್ಟು ಕಾಲ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕೂತರೆ ಅದು ಇರಲೇ ಇಲ್ಲವೇನೋ ಅನ್ನಿಸುತ್ತಿದೆ. ಮಾರನಹಳ್ಳಿ ಹತ್ತಿರದ ಒಂದು ಎಸ್ಟೇಟ್ ಬಂಗಲೆಯಲ್ಲಿ ಟಿವಿ ಧಾರಾವಾಹಿಯ ಶೂಟಿಂಗ್ ನಡೆಯುತ್ತಿತ್ತು. ವಾಚು ಹಾಕಿಕೊಂಡಿದ್ದವನು ಸಹಾಯಕ ನಿರ್ದೇಶಕನಿರಬೇಕು. ಇವರಿಗೆ ಒಪ್ಪುತ್ತದೆ ಅಂತ ನನ್ನ ನೆನಪು ಅದನ್ನು ಅವನ ಕೊರಳಿಂದ ತೆಗೆದು ಇವರಿಗೆ ಹಾಕಿದೆ. ಹೀಗೆ ಒಪ್ಪುವುದನ್ನೆಲ್ಲ ಕಿತ್ತುಹಾಕಿದರೆ ಎಷ್ಟು ಉಳಿದೀತು?

ಉಳಿಯುವುದು ಒಂದು ಕಂಬ, ಅದಕ್ಕೆ ಒರಗಿ ಕಣ್ಣು ಮುಚ್ಚಿ ನಿಂತಿದ್ದ ಮನುಷ್ಯ. ಎಲ್ಲರೂ ನಟಿಯನ್ನು ನೋಡುತ್ತಿದ್ದರೆ ಇವರು ನೋಡುತ್ತಿರಲಿಲ್ಲ. ನಾನಾಗ ಸಕಲೇಶಪುರದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಯಾರೂ ಕೊನೆಯವರೆಗೆ ಕೂತು ನೋಡದ ಎರಡು ನಾಟಕ ಬರೆದಿದ್ದೆ. ಸಂಭಾಷಣೆಯನ್ನು ಈ ಕಡೆಯ ಮಾತಿಗೆ ತಿದ್ದಿಕೊಡಿ ಎಂದು ಧಾರಾವಾಹಿಯವರು ನನ್ನನ್ನು ಕರೆಸಿದ್ದರು. ನಿದ್ದೆ ಬಂತೇ ಸಾರ್ ಎಂದು ಅವರನ್ನು ಕೇಳಿದೆ, ತಮಾಷೆಗೆ.

"ಇಲ್ಲ ಕಣ್ರೀ, ಉಸ್ರು ಕೇಳ್ತಿದೀನಿ," ಅಂದರು. "ಆಯಮ್ಮ ಮಾತಾಡೋ ಮುಂಚೆ ಮೂಗಲ್ಲಿ ಉಸ್ರು ತಗೋತಾಳೆ. ಬಾಯಲ್ಲಿ ತಗೊಳ್ಳೋರಾದ್ರೆ ನಂಗೆ ಸುಲಭ. ಮೂಗಿನೋರು ಯಾವಾಗ ಬಾಯಿ ಬಿಡ್ತಾರೆ ಅಂತ ಗೊತ್ತೇ ಆಗಾಕಿಲ್ಲ."

ಅವರು ಧಾರಾವಾಹಿಯ ಸಂಗೀತದವರು. ಸಂಗೀತದವರು ಶೂಟಿಂಗ್‌ಗೆ ಬರುವುದಿಲ್ಲ. ಇವರು ಬಂದದ್ದು ಹೆತ್ತೂರು ಕಡೆ ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಬಂಗಲೆ ಸಿಕ್ಕಿತು ಅಂತ. ಆ ದಿನ ಸಂಜೆಯೇ ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಕರೆದುಕೊಂಡು ಹೋದರು ಎಂದು ನೆನಪು. ಆ ದಿನವೇ ಅಲ್ಲದಿರಬಹುದು.

ಅವರ ಕೆಲಸದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಸಿನಿಮಾದಲ್ಲಿ ಹಾಡು ಮಾಡುವವರು ಬೇರೆ, ಆ ಹಾಡಿಗೆ ಬಟ್ಟೆ ತೊಡಿಸುವವರು ಬೇರೆ. ಸಂಗೀತ ನಿರ್ದೇಶಕರು ಒಂದು ಸಾಲು ಗುನುಗಿ ಹೊರಟುಹೋಗುತ್ತಾರೆ. ಎಲ್ಲಿ ಪಿಟೀಲು, ಎಲ್ಲಿ ಕೊಳಲು, ಚರಣ ಶುರುವಾಗುವ ಮುಂಚೆ ಯಾರು ಏನು ನುಡಿಸಬೇಕು ಎಂದು ಬರೆದು, ವಾದ್ಯದವರ ಮುಂದೆ ನಿಂತು ಕೈಯಾಡಿಸುವವನು ಅರೇಂಜರ್. ಅದಾದ ಮೇಲೆ ಬರುವುದು ರೀರೆಕಾರ್ಡಿಂಗ್. ಚಿತ್ರವನ್ನು ಗೋಡೆಯ ಮೇಲೆ ಓಡಿಸುತ್ತ, ತಾಯಿ ಅಳುವಾಗ ಇಷ್ಟು, ಖಳನಾಯಕ ಮೆಟ್ಟಿಲಿಳಿಯುವಾಗ ಇಷ್ಟು ಎಂದು ಹಿನ್ನೆಲೆ ಸಂಗೀತ ತುಂಬುವುದು. ಇವರು ಮದ್ರಾಸಿನಲ್ಲಿ ವರ್ಷಗಟ್ಟಲೆ ಮಾಡಿದ್ದು ಅದನ್ನೇ. ಹೆಸರು ಬೇರೆಯವರದು.

"ನಮ್ಮದು ಕೇಳಿಸಿದ್ರೂ ತಪ್ಪು, ಕೇಳಿಸದೇ ಇದ್ರೂ ತಪ್ಪು," ಅನ್ನುತ್ತಿದ್ದರು. "ಜನ ಅಳೋಕೆ ಮುಂಚೆ ಹೋಗಿ ಅಲ್ಲಿ ಕೂತಿರ್ಬೇಕು. ಮಾತು ಬಂತು ಅಂದ್ರೆ ಎದ್ದು ಜಾಗ ಬುಡ್ಬೇಕು."

ಅವರ ಮಾತೂ ಹಾಗೇ ಆಗಿಬಿಟ್ಟಿತ್ತು. ಎದುರಿಗಿರುವವರು ಬಾಯಿ ತೆರೆಯಲು ಉಸಿರೆಳೆದುಕೊಂಡರೆ ಸಾಕು, ಇವರ ದನಿ ಇಳಿದುಹೋಗುತ್ತಿತ್ತು. ಅರ್ಧ ಹೇಳಿದ್ದನ್ನು ಅಲ್ಲೇ ಬಿಟ್ಟು ನಮ್ಮ ಮುಖ ನೋಡುತ್ತ ಕೂರುವರು. ಮೊದಲು ಇದನ್ನು ಸಜ್ಜನಿಕೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಕೈಗೆ ಬಂದುಬಿಟ್ಟ ಅಭ್ಯಾಸ. ಕೈಯಿಂದ ನಾಲಗೆಗೂ ಹತ್ತಿತ್ತು. ನಾನು ಅವರನ್ನು ಬಲ್ಲ ಅಷ್ಟು ಕಾಲದಲ್ಲಿ ಅವರ ಯಾವ ಕತೆಯೂ ನನಗೆ ಪೂರ್ತಿ ಸಿಗಲಿಲ್ಲ. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಅವರ ಭಾವ ಹೇಳಿದ್ದು.

ಭಾವ, ಅಂದರೆ ಅಕ್ಕನ ಗಂಡ, ಎಸ್ಟೇಟಿನಲ್ಲಿ ರೈಟರು. ಬೆಳಿಗ್ಗೆ ಕೂಲಿಯವರ ಹಾಜರಿ ಕೂಗುವುದು, ಗೊಬ್ಬರದ ಲೆಕ್ಕ, ಸ್ಟೋರಿನ ಬೀಗ ಎಲ್ಲ ಅವರದು. ಹಾಜರಿ ಕೂಗಿ ಕೂಗಿ ಅವರ ಗಂಟಲು ಮನೆಯೊಳಗೂ ತಗ್ಗುತ್ತಿರಲಿಲ್ಲ. ಎಲ್ಲರೂ ಅವರನ್ನು ರೈಟ್ರು ಅನ್ನುವರು. ನಾನು ಮಾತ್ರ, ಇವರು ಕರೆಯುವ ಹಾಗೆ, ಭಾವ ಅನ್ನತೊಡಗಿದೆ. ಇವರು ಮಾತು ಅರ್ಧಕ್ಕೆ ಬಿಡುವವರು, ಭಾವ ಅರ್ಧದಲ್ಲಿ ನುಗ್ಗುವವರು. ಇಬ್ಬರಿಗೂ ಬಹಳ ಚೆನ್ನಾಗಿ ಹೊಂದುತ್ತಿತ್ತು.

ತೌರುಮನೆ ಪಾಳ್ಯದ ಕಡೆ. ತಾಯಿ ಬೇಗ ಹೋದ ಮೇಲೆ ತಮ್ಮನನ್ನು ಬೆಳೆಸಿದವರು ಅಕ್ಕ. ಊರವರಿಗೆ ನಾಟಕ ಕಲಿಸಲು ಬಂದ ಹಾರ್ಮೋನಿಯಂ ಮೇಷ್ಟ್ರು ಸುಗ್ಗಿ ಮುಗಿಯುವವರೆಗೆ ಅವರ ಮನೆಯಲ್ಲೇ ಉಳಿದಿದ್ದರಂತೆ. ಅವರು ಮಧ್ಯಾಹ್ನ ಮಲಗಿದಾಗ ಇವರು ಪೆಟ್ಟಿಗೆ ಬಿಚ್ಚಿ ಕಲಿತದ್ದಂತೆ. ಮದ್ರಾಸಿಗೆ ಹೊರಟ ದಿನ ಆಲೂರಿನಲ್ಲಿ ತಾನೇ ರೈಲು ಹತ್ತಿಸಿದೆ ಎಂದು ಅಕ್ಕ ಹೇಳುತ್ತಿದ್ದರು. ಬಸ್ಸು ಹತ್ತಿಸಿದಳು ಎಂದು ತಮ್ಮ.

"ಇಬ್ರೂ ಸುಳ್ಳು ಕಣ್ರೀ ಮೇಷ್ಟ್ರೇ," ಎಂದರು ಭಾವ. "ಹೊರಟಿದ್ದು ನಮ್ಮ ಎಸ್ಟೇಟ್ ಲಾರೀಲಿ, ಕಾಫಿ ಮೂಟೆ ಮೇಲೆ. ನಾನೇ ಹತ್ಸಿದ್ದು."

"ನೀವಾಗ ನಮ್ಮನ್ನ ನೋಡೇ ಇರ್ಲಿಲ್ಲ," ಅಂದರು ಅಕ್ಕ.

"ನೋಡ್ದೇ ಇದ್ರೇನೇ, ಹತ್ಸಿದ್ದು ಹೌದು."

ಅಕ್ಕನಿಗೆ ಒಂದು ವಿದ್ಯೆಯಿತ್ತು. ಸಕಲೇಶಪುರದ ಟಾಕೀಸಿನಲ್ಲಿ ಕನ್ನಡ ಚಿತ್ರ ಬಂದರೆ ಎಸ್ಟೇಟಿನ ಹೆಂಗಸರ ಜೊತೆ ಜೀಪಿನಲ್ಲಿ ಹೋಗುವರು. ಎಲ್ಲರೂ ಚಿತ್ರ ನೋಡಿದರೆ ಅಕ್ಕ ಚಿತ್ರದ ಹಿಂದಿರುವುದನ್ನು ಕೇಳುವರು. ನಾಯಕಿ ಬಾವಿಕಟ್ಟೆಯಲ್ಲಿ ಅಳುತ್ತ ಏನೋ ಹೇಳುತ್ತಿರುವಾಗ ಪಕ್ಕದವಳ ಮೊಣಕೈ ತಿವಿದು, "ಸುಮ್ನಿರ್ರೇ, ನಮ್ ಹುಡ್ಗಂದು ಬಂತು," ಅನ್ನುವರು.

"ಎಲ್ಲವ್ನಕ್ಕಾ ನಿನ್ ತಮ್ಮ? ಪರದೆ ಹಿಂದೆ ಕೂತವ್ನಾ?"

"ಹೂಂ ಕಣೇ, ಪರದೆ ಹಿಂದೇನೇ."

ಒಂದೇ ಒಂದು ಸಲ ಪರದೆಯ ಮೇಲೂ ಬಂದಿದ್ದರು. ವಾದ್ಯ ಸಂಯೋಜನೆ ಎಂಬ ಸಾಲಿನಲ್ಲಿ, ಇನ್ನೂ ಯಾರಾರದೋ ಹೆಸರುಗಳ ನಡುವೆ. ಅಕ್ಕ ನಿಧಾನವಾಗಿ ಓದುವವರು. ಮೊದಲ ಹೆಸರು ಮುಗಿಸುವಷ್ಟರಲ್ಲಿ ಹೆಸರಿನ ಕಾರ್ಡು ಹೋಯಿತು. ಭಾವ ಸೀದಾ ಮೇಲೆ ಹತ್ತಿ ಆಪರೇಟರನ ಕೋಣೆಯ ಬಾಗಿಲು ಬಡಿದರು.

"ಓದಾಕೇ ಬುಡ್ಲಿಲ್ಲ ಕಣಯ್ಯ, ಇನ್ನೊಂದ್ಸಲ ಹಾಕು."

"ಇದೇನ್ ನಿಮ್ಮ ಎಸ್ಟೇಟ್ ಹಾಜ್ರಿನಾ ಯಜಮಾನ್ರೇ, ಕೇಳಿಸ್ಲಿಲ್ಲ ಅಂತ ಇನ್ನೊಂದ್ಸಲ ಕೂಗೋಕೆ?"

ಇದನ್ನು ಭಾವ ಹೇಳುವಾಗ ಎಲ್ಲರೂ ನಗುತ್ತಿದ್ದರು, ಅಕ್ಕನೂ. ತಮ್ಮ ನಗುತ್ತಿರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅವರೂ ನಗುತ್ತಿದ್ದರು.

ತೊಂದರೆ ಏನೆಂದರೆ, ಅಕ್ಕ ಗುರುತಿಸಿದ್ದೆಲ್ಲ ತಮ್ಮನದಾಗಿರುತ್ತಿರಲಿಲ್ಲ. ಬೇರೆ ಯಾರೋ ಮಾಡಿದ ಪಿಟೀಲಿನ ಸಾಲನ್ನೂ ಅಕ್ಕ ತಮ್ಮನದೆಂದೇ ಕೇಳಿ, ಅವರು ಊರಿಗೆ ಬಂದಾಗ ಬಾಯಲ್ಲಿ ಹೇಳಿ ತೋರಿಸುವರು. ಅವರು ಹೂಂ ಅಕ್ಕ, ಹೌದು ಅನ್ನುವರು. ಒಮ್ಮೆ ಬಸ್ಸಿಗೆ ಕಾಯುತ್ತ ನಿಂತಾಗ ನಾನು ಕೇಳಿದೆ, ಅದು ನಿಜವಾಗಿ ನಿಮ್ಮದೇ?

"ಅಲ್ಲ ಅನ್ಸುತ್ತೆ. ಆದ್ರೆ ಅವ್ಳು ಹೇಳಿದ್ಮೇಲೆ ಹೌದೇನೋ ಅಂತ್ಲೂ ಅನ್ಸುತ್ತೆ. ಎಷ್ಟು ಜನಕ್ಕೆ ಮಾಡ್ಕೊಟ್ಟಿದೀನಿ, ಎಷ್ಟು ಜನ್ರದ್ದು ತಿದ್ದಿದೀನಿ, ಯಾವ್ದು ಯಾರ್ದು ಅಂತ ನಂಗೇ..." ನಾನು ಏನೋ ಹೇಳಲು ಹೊರಟೆನೆಂದು ಕಾಣುತ್ತದೆ. ಅವರು ನಿಲ್ಲಿಸಿಬಿಟ್ಟರು.

ಅವರು ಮದ್ರಾಸಿನಲ್ಲಿದ್ದಾಗಲೇ ಯಂತ್ರ ಬಂದಿತ್ತು. ಫ್ಲಾಪಿ ಹಾಕಿದರೆ ಪಿಟೀಲಿನ ಒಂದು ದೊಡ್ಡ ಸಾಲೇ ಎದ್ದು ನುಡಿಯುವ ಕೀಬೋರ್ಡು. ಅದನ್ನು ಪಳಗಿಸುವ ಕೆಲಸ ಇವರ ಪಾಲಿಗೆ ಬಂತು, ಯಾಕೆಂದರೆ ಪಿಟೀಲಿನವರ ಬಿಲ್ಲು ಎಲ್ಲಿ ತಡೆಯುತ್ತದೆ, ಎಲ್ಲಿ ಜಾರುತ್ತದೆ ಎಂದು ಇವರಿಗೇ ಗೊತ್ತಿತ್ತು. ಮದ್ರಾಸಿಗೆ ಹೋದ ಹೊಸದರಲ್ಲಿ ತಾವೂ ಪಿಟೀಲು ಹಿಡಿದು ಕೂತಿದ್ದ ಆ ಸಾಲಿನವರನ್ನು ಇವರ ಬೆರಳೇ ಪೆಟ್ಟಿಗೆಯೊಳಕ್ಕೆ ಹಾಕಿತು. ಪಿಟೀಲಿನವರು ಸ್ಟುಡಿಯೋಗೆ ಬರುವುದು ನಿಂತಿತು. ಇದನ್ನು ನನಗೆ ಹೇಳಿದಾಗ, ನೀವು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಿದ್ದರು ಎಂದೆ. "ಹೌದು, ಇನ್ನೊಬ್ರು ಮಾಡ್ತಿದ್ರು," ಅಂದರು. ಅಷ್ಟೇ. ಕೀಬೋರ್ಡು ಹಿಡಿದುಕೊಂಡು ಬೆಂಗಳೂರಿಗೆ ಬಂದರು. ಅಲ್ಲಿ ದಿನವಹಿ ಧಾರಾವಾಹಿಗಳು ಆಗ ತಾನೇ ಶುರುವಾಗಿದ್ದವು.

ಧಾರಾವಾಹಿಗೆ ಪ್ರತಿದಿನ ಸಂಗೀತ ಮಾಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಮೊದಲೇ ಕೂತು ತುಣುಕುಗಳನ್ನು ಮಾಡಿ ಕೊಟ್ಟುಬಿಡುವುದು. ಅಳುವಿಗೆ, ಅನುಮಾನಕ್ಕೆ, ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡದ್ದಕ್ಕೆ, ಆಸ್ಪತ್ರೆಗೆ. ಬಿಟ್ ಅನ್ನುತ್ತಿದ್ದರು ಅದಕ್ಕೆ. ಸಂಕಲನದವನು ತನಗೆ ಬೇಕಾದಲ್ಲಿ ಕತ್ತರಿಸಿ ಅಂಟಿಸಿಕೊಳ್ಳುತ್ತಾನೆ. ಆಸ್ಪತ್ರೆಗೆ ಮಾಡಿದ್ದು ಮದುವೆಗೆ ಬಂದರೂ ಕೇಳುವ ಹಾಗಿಲ್ಲ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಅಕ್ಕನ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಹಾಸನದ ಡಾಕ್ಟರು ತೆರೆದು ನೋಡಿ ಹಾಗೇ ಹೊಲಿದು, ಮನೆಗೆ ಕರೆದುಕೊಂಡು ಹೋಗಿ, ಇಷ್ಟವಾದದ್ದು ಕೊಡಿ ಎಂದಿದ್ದರು. ಇಷ್ಟವಾದದ್ದು ಕೊಡಿ ಅಂದರೆ ಏನು ಅಂತ ಅಕ್ಕನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಅವರೂ ನಾನೂ ಅಲ್ಲಿದ್ದ ದಿನವೇ ಆ ಮಾತು ಬಂತು. ಮಧ್ಯಾಹ್ನ ಟಿವಿಯಲ್ಲಿ ಧಾರಾವಾಹಿ ಮರುಪ್ರಸಾರವಾಗುತ್ತಿತ್ತು. ಸೊಸೆ ದೇವರ ಮುಂದೆ ನಿಂತು ಅಳುತ್ತ ಉದ್ದಕ್ಕೆ ಮಾತಾಡುತ್ತಿದ್ದಳು. ಅವಳ ಮಾತಿನ ಕೆಳಗೆ ಇವರ ತುಣುಕು, ತೆಳ್ಳಗೆ. ಅಕ್ಕ ಗೋಡೆಗೆ ದಿಂಬು ಒತ್ತರಿಸಿಕೊಂಡು ಕೂತಿದ್ದರು.

"ಈ ಮುಂಡೇದು ಬಾಯಿ ಮುಚ್ಚಿದ್ರೆ ನಿಂದು ಒಂಚೂರು ಕೇಳ್ಬೋದಿತ್ತು," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಲೋ, ಅಷ್ಟು ವರ್ಷದಿಂದ ಮಾಡಿದೀಯ, ಯಾರೂ ಮಾತಾಡದೇ ಇರೋದು ಒಂದಾದ್ರೂ ಐತಾ?"

ಅವರು ಯೋಚಿಸಿದರು. "ಹಾಡೈತಲ್ಲಕ್ಕಾ."

"ಹಾಡಲ್ಲೂ ಯಾರೋ ಬಾಯಿ ಬಡ್ಕೋತಾರೆ. ನಿಂದು ಮಾತ್ರ ಇರೋದು. ಮೊದ್ಲಿಂದ ಕೊನೆಗಂಟ."

"ಮಾಡ್ಕೊಡ್ತೀನಿ ಬುಡು."

"ಬುಡು ಅನ್ಬ್ಯಾಡ. ಬೇಗ ಮಾಡ್ಕೊಡು. ನಂಗೆ ಟೈಮಿಲ್ಲ."

ಭಾವ ಒಳಗಿನಿಂದಲೇ, "ಇವ್ಳಿಗೆ ಟೈಮಿಲ್ವಂತೆ, ಯಾವ್ ಆಫೀಸಿಗೆ ಹೋಗ್ಬೇಕಂತೆ ಕೇಳ್ರೀ ಮೇಷ್ಟ್ರೇ," ಎಂದು ಕೂಗಿದರು. ಹೊರಗೆ ಬರಲಿಲ್ಲ.

ಮುಂದಿನ ಸಲ ಅವರು ಬೆಂಗಳೂರಿಂದ ಒಂದು ಕ್ಯಾಸೆಟ್ ತಂದಿದ್ದರು. ತಮ್ಮ ತುಣುಕುಗಳನ್ನೇ ಒಂದರ ಹಿಂದೆ ಒಂದು ಜೋಡಿಸಿದ್ದು, ಮಾತಿಲ್ಲದೆ. ಅಕ್ಕ ಕೂತು ಪೂರ್ತಿ ಕೇಳಿದರು. ಕೇಳಿ, "ಇದೇನೋ ಮಾರಾಯ, ಹೆತ್ತೂರು ಬಸ್ಸು ಎಲ್ಲಾ ಸ್ಟಾಪಲ್ಲೂ ನಿಂತು ನಿಂತು ಹೋದಂಗೈತೆ," ಅಂದರು. "ಒಂದು ಮನ್ಸಿಗೆ ಹತ್ತೋದ್ರೊಳ್ಗೆ ಇಳ್ಸಿಬುಡ್ತೀಯ."

ನನಗೆ ನಗು ಬಂತು. ಅವರು ಕ್ಯಾಸೆಟ್ಟನ್ನು ಹೊರಗೆ ತೆಗೆದು ಜೇಬಿಗೆ ಹಾಕಿಕೊಂಡರು.

ಆಮೇಲೆ ಬೆಂಗಳೂರಿಗೆ ಹೋಗಲಿಲ್ಲ. ಕೀಬೋರ್ಡು ತರಿಸಿಕೊಂಡರು. ಕಾಫಿ ಹಣ್ಣು ಕುಯ್ಯುವ ಕಾಲ ಬಂದಿರಲಿಲ್ಲವಾದ್ದರಿಂದ ಎಸ್ಟೇಟಿನ ಸ್ಟೋರು ಖಾಲಿಯಿತ್ತು. ಭಾವ ಅದರ ಒಂದು ಮೂಲೆಯಲ್ಲಿ ಮೇಜು ಹಾಕಿಸಿಕೊಟ್ಟರು. ಭಾನುವಾರ ನಾನು ಹೋಗುವಾಗ ಕಾಫಿ ಒಣಗಿಸುವ ಕಣದ ತುದಿಯಿಂದಲೇ ಕೇಳುತ್ತಿತ್ತು. ಚೆನ್ನಾಗಿರುತ್ತಿತ್ತು ಎಂದೇ ನನ್ನ ನೆನಪು. ಸಂಗೀತ ನನಗೆ ತಿಳಿಯದು. ಮೊದಲು ಒಂದೇ ಸ್ವರ, ಅದರ ಪಕ್ಕದಲ್ಲಿ ಇನ್ನೊಂದು ಬಂದು ನಿಲ್ಲುವುದು, ಎರಡೂ ಸೇರಿ ಮೇಲಕ್ಕೆ ಹೋಗುವುದು, ಇನ್ನೇನು ಎಲ್ಲಿಗೋ ಮುಟ್ಟುತ್ತದೆ ಅನ್ನುವಾಗ ತಗ್ಗಿಬಿಡುವುದು. ಯಾರೋ ಬಾಗಿಲಿಗೆ ಬಂದು ನಿಂತಿದ್ದಾರೆ, ಏನೋ ಹೇಳಲಿದ್ದಾರೆ ಅನ್ನುವ ಹಾಗೆ. ಯಾರೂ ಇರುತ್ತಿರಲಿಲ್ಲ. ಮತ್ತೆ ಮೊದಲಿಂದ.

"ಎಡಗೈ ಇಳ್ದುಬುಡುತ್ತೆ ಕಣ್ರೀ," ಅಂದರು. "ನಾನು ಇಳ್ಸಲ್ಲ. ಅದೇ ಇಳಿಯುತ್ತೆ. ಯಾರೋ ಮಾತಾಡ್ತಾರೆ ಅಂತ ಅದಕ್ಕೆ ಅನ್ಸುತ್ತೆ."

ನಾನು ಆಗ ನನ್ನ ನಾಟಕಗಳ ಗುಂಗಿನಲ್ಲಿದ್ದೆ. ಕೊನೆ ಯಾಕೆ ಬೇಕು ಸಾರ್, ಹಾಗೇ ಬಿಡಿ, ಅಪೂರ್ಣವಾಗಿರುವುದೇ ಅದರ ಆಕಾರ ಎಂದು ಏನೇನೋ ಹೇಳಿದೆ. ಅವರು ಕೇಳಿಸಿಕೊಂಡರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮೇಷ್ಟ್ರೇ, ಅಪೂರ್ಣ ಅನ್ನೋದು ನಿಮಗೆ ಶೋಕಿ. ನಂಗೆ ಅದು ಇಷ್ಟು ದಿನದ ಸಂಬಳ. ಅವ್ಳು ಕೇಳ್ತಿರೋದು ಒಂದು ಮುಗಿಯೋದು."

ಗಿಡದಲ್ಲಿ ಅರೇಬಿಕ ಕಾಫಿ ಕೆಂಪಾಗತೊಡಗಿತು. ಸ್ಟೋರು ಬೇಕಾಯಿತು. ಕೀಬೋರ್ಡನ್ನು ಮನೆಗೆ ಹೊತ್ತು ತಂದರು. ಅಕ್ಕ ಅಷ್ಟು ಹೊತ್ತಿಗೆ ಬಹಳ ಇಳಿದುಹೋಗಿದ್ದರು. ಕಣ್ಣು ಮಾತ್ರ ಮೊದಲಿನಷ್ಟೇ. ಇವತ್ತು ನುಡಿಸ್ತೀನಿ ಅಕ್ಕ, ಎಂದು ಅವರೇ ಒಂದು ದಿನ ಹೇಳಿದರು. ಜಗುಲಿಯಲ್ಲಿ ಮಂಚ ಹಾಕಿ ಅಕ್ಕನನ್ನು ಒರಗಿಸಿ ಕೂರಿಸಿದೆವು. ಭಾವ, ನಾನು, ಅಕ್ಕನನ್ನು ನೋಡಿಕೊಳ್ಳಲು ಕೂಲಿಯವರ ಮನೆಸಾಲಾದ ಲೈನಿನಿಂದ ಬರುತ್ತಿದ್ದ ಹೆಂಗಸು. ಇಷ್ಟೇ ಜನ. ಕೋಳಿಗಳನ್ನು ಕೂಡ ಮುಚ್ಚಿದ್ದರು.

ನುಡಿಸತೊಡಗಿದರು. ಹತ್ತಿತು, ತುಂಬಿತು, ಅಕ್ಕ ಕಣ್ಣು ಮುಚ್ಚಿದರು. ಆಮೇಲೆ ಅದು ತಗ್ಗಿತು. ತಗ್ಗಿದ ಕೂಡಲೇ ಭಾವ, ಬಹಳ ಮೃದುವಾಗಿ, ಆ ಮನುಷ್ಯನ ಗಂಟಲಿನಿಂದ ನಾನು ಎಂದೂ ಕೇಳದಷ್ಟು ಮೃದುವಾಗಿ, "ಮಾತ್ರೆ ತಗೊಂಡ್ಯೇನೇ?" ಅಂದರು.

ಅಕ್ಕ ಕಣ್ಣು ತೆರೆದರು. "ಥೂ ನಿಮ್ಮ! ಒಂದ್ಗಳಿಗೆ ಬಾಯಿ ಮುಚ್ಕೊಂಡಿರೋಕಾಗಲ್ವಾ?"

"ಅಯ್ಯೋ, ಅದಾಗೇ ಬಂದ್ಬುಡ್ತು ಕಣೇ."

ಎರಡನೆಯ ಸಲ ಶುರುವಾಯಿತು. ಭಾವ ಟವಲನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅದೇ ಜಾಗಕ್ಕೆ ಬಂದಾಗ ಲೈನಿನ ಹೆಂಗಸು, "ಪಾಪ, ಎಷ್ಟ್ ಚೆನ್ನಾಗೈತೆ ಅಲ್ವಾ," ಅಂದಳು. ಅಂದು ನಾಲಗೆ ಕಚ್ಚಿಕೊಂಡಳು. ನನ್ನ ಬಾಯಿಯೂ ತೆರೆದಿತ್ತು ಎಂದು ನನಗೆ ಆಗ ಗೊತ್ತಾಯಿತು. ಏನು ಹೇಳಲು ಹೊರಟಿದ್ದೆ ಎಂದು ಈಗ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಏನೂ ಇದ್ದಿರಲಾರದು. ಆ ಸಂಗೀತ ಹಾಗಿತ್ತು. ಅದು ಕೆಳಗಿಳಿದು ಜಾಗ ಬಿಟ್ಟರೆ ಆ ಜಾಗದಲ್ಲಿ ಯಾರಾದರೂ ಮಾತಾಡಲೇಬೇಕಿತ್ತು.

ಮೂರನೆಯ ಸಲ ನಾವು ಮೂವರೂ ಉಸಿರು ಬಿಗಿಹಿಡಿದು ಕೂತೆವು. ಅದು ತಗ್ಗಿತು. ಯಾರೂ ತುಟಿ ಬಿಚ್ಚಲಿಲ್ಲ. ಆಗ ಅಕ್ಕ ಮಾತಾಡತೊಡಗಿದರು. ಕಣ್ಣು ಮುಚ್ಚಿಕೊಂಡೇ, ತಮ್ಮನ ಕಡೆ ತಿರುಗಿ, ಮೆಲ್ಲಗೆ, ಸ್ವಲ್ಪ ಹೊತ್ತು. ಇವರು ನುಡಿಸುವುದನ್ನು ನಿಲ್ಲಿಸಲಿಲ್ಲ. ಅಕ್ಕನ ಮಾತಿನ ಕೆಳಗೆ, ಅದಕ್ಕೆ ತಾಗದ ಹಾಗೆ, ತೆಳ್ಳಗೆ ನುಡಿಸುತ್ತ ಹೋದರು, ಸಿನಿಮಾದಲ್ಲಿ ಮಾಡುತ್ತಿದ್ದ ಹಾಗೆ.

ಅಕ್ಕ ಏನು ಹೇಳಿದರು? ಮದ್ರಾಸಿಗೆ ಹೊರಟ ದಿನದ ಮಾತೋ, ತಾಯಿಯ ಮಾತೋ ಎಂದು ನಾನು ಬಹಳ ಕಾಲ ನಂಬಿದ್ದೆ; ಒಂದೆರಡು ಕಡೆ ಹಾಗೆ ಹೇಳಿಯೂ ಇದ್ದೇನೆ. ನಾನು ಕೂತಿದ್ದ ಕಡೆಗೆ ಸರಿಯಾಗಿ ಕೇಳಿಸಿರಲಿಲ್ಲ. ಭಾವನನ್ನು ಆಮೇಲೆ ಕೇಳಿದರೆ, "ಬಿಸ್ನೀರು ಕೇಳಿದ್ಳು ಕಣ್ರೀ," ಅಂದರು. ಲೈನಿನ ಹೆಂಗಸು ಬೆನ್ನಿಗೆ ದಿಂಬು ಒತ್ತುತ್ತೆ ಅಂದದ್ದು ಎಂದಳು. ಅಷ್ಟು ಹೊತ್ತು ಹೇಳುವಂಥದ್ದು ಬಿಸಿನೀರಿನಲ್ಲಿ ಏನಿರುತ್ತದೆ?

ಅಕ್ಕನಿಗೆ ತಾನು ಮಾತಾಡಿದ್ದು ಥಟ್ಟನೆ ಅರಿವಾಯಿತು. ಅವರ ಮುಖ ನೋಡಲಾಗಲಿಲ್ಲ.

"ಅಯ್ಯೋ, ನಾನೇ ಮಾತಾಡ್ಬುಟ್ನಲ್ಲೋ."

ಅವರು ಕೀಬೋರ್ಡಿನಿಂದ ಕೈ ತೆಗೆದರು. "ನಿಂದಲ್ಲಕ್ಕ. ನಾನೇ ಜಾಗ ಬುಡ್ತಿದೀನಿ."

"ಬುಡ್ಬ್ಯಾಡ ಮತ್ತೆ. ತುಂಬ್ಸು."

"ಆಗ್ತಾ ಇಲ್ಲ ಕಣಕ್ಕ."

ಚಿಕ್ಕವನಿದ್ದಾಗ ಹೇಗೆ ಹೇಳುತ್ತಿದ್ದರೋ ಹಾಗೆ ಹೇಳಿದರು ಎಂದು ಬರೆಯುವ ಹಾಗಿಲ್ಲ, ನಾನು ಅವರನ್ನು ಚಿಕ್ಕವರಿದ್ದಾಗ ನೋಡಿಲ್ಲ. ಆದರೆ ಅಕ್ಕ ಕೈ ಚಾಚಿದರು, ಅವರು ಎದ್ದು ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತರು. "ನಾಳಿಕೆ ನೋಡಾಣ," ಅಂದರು ಅಕ್ಕ. ಭಾವ ಎದ್ದು ಕಣದ ಕಡೆ ಹೋಗಿ, ಯಾರೂ ಇಲ್ಲದ ಕಡೆ, ಗಟ್ಟಿಯಾಗಿ ಯಾರನ್ನೋ ಬೈಯತೊಡಗಿದರು.

ಆ ನಾಳೆ ಏನಾಯಿತೆಂದು ನಾನು ನೋಡಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿತ್ತು. ಮತ್ತೆ ಹೋಗುವಷ್ಟರಲ್ಲಿ ಅಕ್ಕ ಹೋಗಿದ್ದರು. ಮಣ್ಣು ಮಾಡಿ ಬಂದು ಜಗುಲಿಯಲ್ಲಿ ಜನ ಕೂತಿದ್ದರು. ಕೀಬೋರ್ಡಿಗೆ ಗೋಣಿ ಹೊದಿಸಿ ಗೋಡೆಗೆ ಒರಗಿಸಿದ್ದರು. ಭಾವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: ಕೊನೆಯ ಕೆಲವು ದಿನ ಅವರು ಯಾರನ್ನೂ ಒಳಗೆ ಬಿಡಲಿಲ್ಲ. ಊಟವಾದ ಮೇಲೆ ಅಕ್ಕನ ಕೋಣೆಯ ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದರು. ಭಾವ, ನೀವಿದ್ರೆ ಮಾತಾಡ್ತೀರ, ಸ್ಟೋರಿನ ಕಡೆ ಹೋಗಿ ಎಂದು ಕಳಿಸುತ್ತಿದ್ದರು.

"ಕೊನೇ ದಿನಾನೂ ನುಡಿಸ್ದ," ಎಂದರು ಭಾವ. "ಬಹಳ ಹೊತ್ತು ನುಡಿಸ್ದ. ಆವತ್ತು ಹಣ್ಣು ಬಂದಿತ್ತು, ಸಿಪ್ಪೆ ಬಿಡ್ಸೋ ಪಲ್ಪರು ಓಡ್ತಿತ್ತು. ಆ ಮಿಷನ್ ಸದ್ದಲ್ಲಿ ನಂಗೇನ್ ಕೇಳ್ಸುತ್ತೆ? ಹೋಗಿ ನಿಲ್ಸಿ ಅನ್ನಣ ಅಂದ್ರೆ ಹಣ್ಣು ಕೊಳೀತೈತೆ. ಆಚೆ ಬಂದು, ಭಾವ ಬನ್ನಿ ಅಂದ. ಅಷ್ಟೇಯ."

ತಿಥಿ ಮುಗಿಸಿ ಅವರು ಬೆಂಗಳೂರಿಗೆ ಹೋದರು. ಮತ್ತೆ ಧಾರಾವಾಹಿ, ಮತ್ತೆ ತುಣುಕು. ಹೆಸರು ದೊಡ್ಡದಾಗಿ ಬರತೊಡಗಿತು. ಸಂಗೀತ ಎಂದು, ಒಬ್ಬರದೇ, ಯಾರು ಬೇಕಾದರೂ ಓದುವಷ್ಟು ಹೊತ್ತು. ಎಪಿಸೋಡು ಮುಗಿದ ಮೇಲೆ ಜನ ಚಾನೆಲ್ ಬದಲಾಯಿಸಿಬಿಡುತ್ತಿದ್ದರಾದ್ದರಿಂದ ಎಷ್ಟು ಜನ ಓದಿದರೋ. ಕೆಲವು ವರ್ಷದ ಮೇಲೆ ಒಮ್ಮೆ ಹುಡುಕಿಕೊಂಡು ಹೋದೆ. ಒಂದು ಮನೆಯ ಮಹಡಿಯ ಮೇಲೆ ಸ್ಟುಡಿಯೋ. ಮೊಟ್ಟೆಯ ಟ್ರೇ ಅಂಟಿಸಿದ ಗೋಡೆ, ಎರಡು ಕಂಪ್ಯೂಟರು. ಬಹಳ ಖುಷಿಪಟ್ಟರು. ಕಾಫಿ ಕುಡಿಯುತ್ತ, ಕೇಳಲೋ ಬೇಡವೋ ಎಂದುಕೊಂಡೇ ಕೇಳಿದೆ.

"ಅಕ್ಕನಿಗೆ ನುಡಿಸಿದ್ರಾ ಸಾರ್?"

"ನುಡಿಸ್ದೆ."

"ಪೂರ್ತಿ?"

"ಅವ್ಳು ಕಣ್ ಮುಚ್ಕೊಂಡಿದ್ಲು," ಅಂದರು. ನಾನು ಏನೂ ಹೇಳದೆ, ಉಸಿರು ಕೂಡ ಎಳೆಯದೆ ಕಾದೆ. ಮುಂದೆ ಇನ್ನೇನೋ ಬರುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಸಂಕಲನದವನು ಬಾಗಿಲು ತಳ್ಳಿ, ಸಾರ್, ಎಪಿಸೋಡ್ ಬಂತು, ಸಂಜೆ ಚಾನೆಲ್‌ಗೆ ಹೋಗ್ಬೇಕು ಎಂದ. ಅವರು ಎದ್ದರು.

ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು ಎಂದೋ, ಕೇಳುವ ಸ್ಥಿತಿಯಲ್ಲಿರಲಿಲ್ಲ ಎಂದೋ, ಅಷ್ಟು ಹೊತ್ತಿಗೆ ಮುಗಿದಿತ್ತು ಎಂದೋ. ಆ ಮಾತನ್ನು ನಾನು ಮೂರು ರೀತಿಯಲ್ಲೂ ಹೇಳಿ ನೋಡಿದ್ದೇನೆ. ಅವರು ಹೇಳಿದ ದನಿಯಲ್ಲಿ ಯಾವುದೂ ಇರಲಿಲ್ಲ.

ಮೊನ್ನೆ ಭಾವ ಫೋನ್ ಮಾಡಿದರು. ಈಗ ಅವರಿಗೆ ಎಸ್ಟೇಟಿನ ಕೆಲಸವಿಲ್ಲ, ಪಾಳ್ಯದ ಹತ್ತಿರ ತಂಗಿಯ ಮನೆಯಲ್ಲಿದ್ದಾರೆ. "ಮೇಷ್ಟ್ರೇ, ನಮ್ ಹುಡ್ಗ ಹೋಗ್ಬುಟ್ಟ ಕಣ್ರೀ," ಅಂದರು. ಎದೆನೋವು, ಸ್ಟುಡಿಯೋದಲ್ಲೇ, ಕೆಲಸದ ನಡುವೆ. ಹೇಗೆ, ಎಲ್ಲಿ ಎಂದು ಕೇಳಿದ್ದಕ್ಕೆಲ್ಲ ಹೇಳಿದರು. ಹೇಳುವುದು ಮುಗಿದ ಮೇಲೂ ಫೋನ್ ಇಡಲಿಲ್ಲ.

"ಒಂದು ಮಾತು ಕೇಳ್ಲಾ? ಆವತ್ತು ಅದನ್ನ ಮುಗಿಸಿದ್ನಾ ಅವ್ನು? ನಿಮ್ಗೇನಾರ ಹೇಳಿದ್ನಾ? ನಾನೊಬ್ಬ ಮೊದ್ಲು ಬಾಯಿ ಹಾಕ್ದೇ ಇದ್ದಿದ್ರೆ..."

ಮುಗಿಸಿದರಂತೆ ಭಾವ, ಅಕ್ಕ ಪೂರ್ತಿ ಕೇಳಿದರಂತೆ ಎಂದು ಹೇಳಿಬಿಡಬಹುದಿತ್ತು. ಆ ಮುದುಕರಿಗೆ ಅದು ಬೇಕಾಗಿತ್ತು. ಇಲ್ಲಿ ಬರೆದು ಮುಗಿಸಲಿಕ್ಕೆ ನನಗೂ ಬೇಕು.

ನನಗೆ ಗೊತ್ತಿಲ್ಲ ಭಾವ ಎಂದೆ. ಅದು ಮುಗಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮುಗಿದಿದ್ದರೆ ಅಕ್ಕ ಅದನ್ನು ಕೇಳಿದರೋ ಇಲ್ಲವೋ, ಅದೂ ಗೊತ್ತಿಲ್ಲ. ನುಡಿಸಿದವರನ್ನು ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ.